‘ಮಾಡಿಹರು’, ‘ಮಾಡುವರು’: ಮಕ್ಕಳ ಅಂಕ ಕಳೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಶ್ರಾವಣದಲ್ಲಿ ದಾವಣಗೆರೆಯಲ್ಲಿ ನಡೆದ ಮಕ್ಕಳ ವಚನ ಕಂಠಪಾಠ ಸ್ಪರ್ಧೆಯಲ್ಲಿ ನನ್ನ ಮೊಮ್ಮಗಳು ಬಸವಣ್ಣನವರ ‘ಉಳ್ಳವರು ಶಿವಾಲಯವ’ ವಚನ ಹೇಳಿದಳು. ಅವಳು ‘ಮಾಡುವರು’ ಅಂದಳು, ತೀರ್ಪುಗಾರರ ಕೈಲಿದ್ದ ಪುಸ್ತಕದಲ್ಲಿ ‘ಮಾಡಿಹರು’ ಎಂದಿತ್ತು. 2 ಅಂಕ ಹೋಯಿತು. ಹೋಗಲಿ ಎನ್ನಬಹುದಿತ್ತು, ಆದರೆ ಮೈಕಿನಲ್ಲೇ ‘ಶರಣರ ಮಾತನ್ನು ತಪ್ಪು ಹೇಳಬಾರದಮ್ಮ’ ಎಂದುಬಿಟ್ಟರು. ಮನೆಗೆ ಬಂದವಳೇ ದೇವರ ಮನೆಯಲ್ಲಿದ್ದ ಕಿರುಪುಸ್ತಕ ತಂದು ಸಾಲಿನ ಮೇಲೆ ಬೆರಳಿಟ್ಟಳು: ‘ಅಜ್ಜಾ, ಇಲ್ಲಿ ಹೀಗೇ ಇದೆಯಲ್ಲ?’

ಆ ಪುಸ್ತಕಕ್ಕೆ ಅಚ್ಚುಮೊಳೆ ಜೋಡಿಸಿದವನು ನಾನೇ. ಇಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ 31 ವರ್ಷ ಕಂಪೋಸಿಟರ್ ಆಗಿದ್ದೆ. ಓಣಿಯ ಭಜನಾ ಮಂಡಳಿಯವರು ಕೊಟ್ಟ ಕೈಬರಹದಲ್ಲಿ ‘ಮಾಡಿಹರು’ ಎಂದೇ ಇತ್ತು. ಕಣ್ಣು ಅದನ್ನೇ ಓದಿತು, ಕೈ ಮಾತ್ರ ಮೊಳೆಗಳ ಕೇಸಿನಿಂದ ‘ಮಾಡುವರು’ ಆಯ್ದುಕೊಂಡಿತು. ಅವ್ವ ಬೆಳಗಾಗೆದ್ದು ಅಂಗಳ ಸಾರಿಸುತ್ತ ಹಾಡುತ್ತಿದ್ದುದು ಹಾಗೆ. ಕರಡು ನೋಡಿದವರೂ ಹಿಡಿಯಲಿಲ್ಲ. 500 ಪ್ರತಿ ಅಚ್ಚಾಗಿ ಹೋದ ಮೇಲೆ, ಮೊಳೆ ಬಿಚ್ಚಿ ಮತ್ತೆ ಕೇಸಿಗೆ ತುಂಬುವಾಗ, ತಿರುಗುಮುರುಗಾದ ಆ ‘ವ’ ಕೈಗೆ ಬಂದಾಗಲೇ ನನಗೆ ಗೊತ್ತಾದದ್ದು. ಆ ನೋವು ಇನ್ನೂ ಇದೆ.

ಆದರೆ ‘ಮಾಡುವರು’ ನಾನು ಹುಟ್ಟಿಸಿದ ಮಾತಲ್ಲ. ಅದೇ ಪಾಠವಿರುವ ಬೇರೆ ಪುಸ್ತಕಗಳನ್ನೂ ಆಮೇಲೆ ಕಂಡಿದ್ದೇನೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ಅವಳಿಗೆ ಅದು ಬಾಯಿಂದ ಬಾಯಿಗೆ ಬಂದದ್ದು. ವಚನಗಳು 12ನೇ ಶತಮಾನದವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ವಚನಗಳ ಸಂಪುಟ ಹೊರತರುವ ಹೊತ್ತಿಗೆ ಅವು ಎಷ್ಟು ಕೈ, ಎಷ್ಟು ಬಾಯಿ ದಾಟಿ ಬಂದಿದ್ದವೋ! ಗರಿಯಲ್ಲಿ ಪದ ಬಿಡಿಸಿ ಬರೆಯುವ ರೂಢಿಯಿಲ್ಲ. ಕಂಟದಿಂದ ಕೊರೆದ ವ, ಪ, ಷ ಸವೆದ ಮೇಲೆ ಒಂದೇ ಥರ ಕಾಣುತ್ತವೆ. ಹಳೆಯ ಲಿಪಿಕಾರರು ಕೊನೆಗೆ ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂದು ಬರೆಯುತ್ತಿದ್ದರು. ಪುಸ್ತಕದಲ್ಲಿ ಕಂಡ ಹಾಗೆ ಬರೆದಿದ್ದೇನೆ ಎಂದು. ಆ ಸಾಲು ಓದಿದಾಗಲೆಲ್ಲ ಅವರು ನನ್ನ ಪಕ್ಕದ ಕೇಸಿನ ಮುಂದೆ ನಿಂತು ದುಡಿದವರಂತೆ ಕಾಣುತ್ತಾರೆ.

ಎಲ್ಲವೂ ಕೈತಪ್ಪಲ್ಲ, ಬೇಕೆಂದೇ ಬದಲಿಸಿದ್ದೂ ಉಂಟು. ವಚನಗಳನ್ನು ಶರಣರ ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಯನ್ನು ನಾಲ್ವರು ಸಂಪಾದಿಸಿದ್ದಾರೆ. ಮೊದಲು ಸಂಪಾದಿಸಿದ ಶಿವಗಣಪ್ರಸಾದಿ ಮಹದೇವಯ್ಯನವರಲ್ಲಿ ಇಲ್ಲದ ಸಿದ್ಧರಾಮರ ದೀಕ್ಷೆಯ ಪ್ರಸಂಗ ಆಮೇಲಿನ ಸಂಪಾದನೆಯಲ್ಲಿ ಬಂದಿದೆ. ನಾಲ್ಕನ್ನೂ ಕಣ್ಣಿಗೊತ್ತಿಕೊಂಡು ಓದುವವರಿದ್ದಾರೆ.

ಬಾಯಿಯ ಮಾತು ಬಿಡಿ, ಕಲ್ಲಿನ ಕಥೆ ನೋಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ್ದು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅದೇ ಶಾಸನ. ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳಲ್ಲಿ ಸುವರ್ಣಗಿರಿಯ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳ ಕುಶಲ ಕೇಳುವ ಮಾತು ಮೊದಲಿಗೆ ಬರುತ್ತದೆ. ತಂದೆತಾಯಿಯ ಮಾತು ಕೇಳು, ನಿಜ ನುಡಿ ಎಂಬ ಭಾಗವೂ ಇದೆ. ಮಧ್ಯಪ್ರದೇಶದ ರೂಪನಾಥದ ಬಂಡೆಯಲ್ಲಿ ಇವೆರಡೂ ಇಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಗುತ್ತದೆ, ನಮ್ಮ ಮೂರರಲ್ಲಿ ಸಿಗುವುದಿಲ್ಲ. ಗಿರಾಕಿ ಅಂಚಿನಲ್ಲಿ ಗೀಚಿದ ಸೂಚನೆಯೂ ಪಠ್ಯದ ಜೊತೆ ಅಚ್ಚಾಗಿಬಿಡುವುದನ್ನು ನಾನು ಪ್ರೆಸ್ಸಿನಲ್ಲಿ ಕಂಡಿದ್ದೇನೆ. ಸುವರ್ಣಗಿರಿಯ ಆ ಕುಶಲಪತ್ರ ಬಂಡೆಗೆ ಏರಿದ್ದೂ ಹಾಗೇ ಎಂದು ನನಗನ್ನಿಸುತ್ತದೆ. ಚಕ್ರವರ್ತಿಯ ಆಜ್ಞೆ, ಅದೂ ಕಲ್ಲಿನ ಮೇಲೆ. ಅದೇ ಅಕ್ಷರಶಃ ಒಂದಾಗಿ ಉಳಿಯಲಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಮುಸ್ಲಿಂ ಗೆಳೆಯರೊಬ್ಬರು ಹೇಳಿದ್ದು ನೆನಪಿದೆ. ಕುರಾನಿನ ಮೊದಲ ಅಧ್ಯಾಯದಲ್ಲಿ ನಮ್ಮ ಕಡೆ ‘ಮಾಲಿಕಿ’ ಎಂದು ದೀರ್ಘ ಎಳೆದು ಓದುತ್ತಾರೆ, ಮೊರಾಕ್ಕೊದಲ್ಲಿ ‘ಮಲಿಕಿ’ ಎನ್ನುತ್ತಾರೆ. ಒಂದಕ್ಕೆ ಒಡೆಯ ಎಂದರ್ಥ, ಇನ್ನೊಂದಕ್ಕೆ ರಾಜ. ಎರಡೂ ಗುರುಪರಂಪರೆಯಿಂದ ಬಂದ ಒಪ್ಪಿತ ಪಾಠಗಳೇ. ಕ್ಯಾಥೊಲಿಕರ ಬೈಬಲ್ಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟರದರಲ್ಲಿ 66.

ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಮಹಾಭಾರತ ಪರಿಷ್ಕರಣಕ್ಕೆ ಕೈಹಾಕಿ 1966ರಲ್ಲಿ ಮುಗಿಸಿದರು. 1,259 ಹಸ್ತಪ್ರತಿ ಎದುರಿಟ್ಟುಕೊಂಡು, ಮುಖ್ಯ ಪಾಠವನ್ನು ಮೇಲಿಟ್ಟು ಉಳಿದವನ್ನು ಪುಟದ ಕೆಳಗೆ ಅಚ್ಚು ಹಾಕಿದರು. ಯಾವ ಪ್ರತಿಯನ್ನೂ ಸುಳ್ಳೆಂದು ಎಸೆಯಲಿಲ್ಲ. ನಮ್ಮ ಮಕ್ಕಳ ವಿಷಯದಲ್ಲೂ ಅಷ್ಟು ತಾಳ್ಮೆ ಇರಬೇಡವೇ?

ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಯಾವ ಪುಸ್ತಕದ ಪಾಠ ಎಂಬುದನ್ನು ಹೆಸರು ಬರೆಸಿಕೊಳ್ಳುವಾಗಲೇ ತಿಳಿಸಿ. ಬೇರೆ ಮುದ್ರಿತ ಪಾಠ ಹೇಳಿದ ಮಗುವಿನ ಅಂಕ ಕಳೆಯಬೇಡಿ, ವೇದಿಕೆಯ ಮೇಲಂತೂ ತಿದ್ದಲೇಬೇಡಿ. ಪತ್ರಿಕೆಗಳೂ ವಚನ ಅಚ್ಚು ಹಾಕುವಾಗ ಕೆಳಗೆ ಯಾವ ಸಂಪಾದನೆ ಎಂದು ಒಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ.

ಮೊಮ್ಮಗಳು ಮುಂದಿನ ಶ್ರಾವಣಕ್ಕೆ ಹೆಸರು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಇಂಥ ನಿಯಮ ಬರುತ್ತದೆ ಎಂದಾದರೆ ನಾನೇ ಅವಳನ್ನು ಒಪ್ಪಿಸಿ ಕರೆತರುತ್ತೇನೆ.

– ನಿವೃತ್ತ ಕಂಪೋಸಿಟರ್, ದಾವಣಗೆರೆ