ಮೊಲದ ವರ್ಷದವಳಿಗೆ ದೊಡ್ಡಪ್ಪನ ಪತ್ರ

ಚಿ. ಮೇಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಸಿಂಗಪುರದಿಂದ ನೀನು ಬರೆದ ಕಾಗದ ತಲುಪಿತು. ತಂಡದ ಮುಖ್ಯಸ್ಥೆಯಾಗು ಎಂದು ಕಚೇರಿಯವರು ತಾವಾಗಿಯೇ ಕೇಳಿದ್ದರೂ ನೀನು ಒಪ್ಪಿಗೆ ಕೊಡದೆ ಕುಳಿತಿರುವೆ. 2000ನೆಯ ಇಸವಿಯವಳೆಂದು ಮೊದಲು ನಿನ್ನನ್ನು, ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಚೀನೀ ಪಂಚಾಂಗದಂತೆ, ಡ್ರ್ಯಾಗನ್ ವರ್ಷದ ಹುಟ್ಟುನಾಯಕಿಯೆಂದು ಹೊಗಳಿದ ಸಹೋದ್ಯೋಗಿಗಳು, ಜನ್ಮತಿಂಗಳು ಜನವರಿಯೆಂದು ತಿಳಿದ ಕೂಡಲೇ ಲೆಕ್ಕ ತಿದ್ದಿ, ನೀನು ಮೊಲದ ವರ್ಷದವಳು, ಹಿಂದೆ ನಿಂತು ಸಲಹೆ ಕೊಡಬಲ್ಲೆಯೇ ಹೊರತು ಮುಂದೆ ನಿಲ್ಲಲಾರೆ ಎಂದರಂತೆ. ಅವರ ಲೆಕ್ಕವೇನೋ ಸರಿ. ಆ ಸಲ ಚೀನೀ ಹೊಸ ವರ್ಷ ಬಂದದ್ದು ಫೆಬ್ರವರಿ 5ರಂದು. ಆದರೆ ಅದನ್ನು ಆಧಾರ ಮಾಡಿಕೊಂಡು ನೀನು ಹಿಂಜರಿಯುತ್ತಿರುವುದು ಅವರ ಶಾಸ್ತ್ರಕ್ಕೇ ಒಪ್ಪುವ ಮಾತಲ್ಲ.

ಚೀನೀಯರ ಜಾತಕದಲ್ಲಿ ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಕಂಬಗಳಿದ್ದು, ಒಂದೊಂದಕ್ಕೆ ಎರಡರಂತೆ ಒಟ್ಟು ಎಂಟು ಅಕ್ಷರಗಳಿರುತ್ತವೆ. ವರ್ಷದ ಪ್ರಾಣಿ ಆ ಎಂಟರಲ್ಲಿ ಒಂದು ಮಾತ್ರ; ಸಾಂಗ್ ಅರಸರ ಕಾಲದಿಂದ ಬಂದ ಪದ್ಧತಿಯಲ್ಲಿ ವ್ಯಕ್ತಿಯನ್ನು ಪ್ರತಿನಿಧಿಸುವುದು ದಿನದ ಕಂಬದ ಮೇಲಿನ ಅಕ್ಷರ. ಪ್ರಾಣಿಯನ್ನಷ್ಟೇ ಕೇಳಿ ಸ್ವಭಾವ ನಿರ್ಧರಿಸುವುದು, ನೀನು ಪ್ರಮಾಥಿ ಸಂವತ್ಸರದವಳೆಂದು ಕೇಳಿದ ಮಾತ್ರಕ್ಕೆ ನಮ್ಮ ಜೋಯಿಸರು ಫಲ ಹೇಳಿಬಿಟ್ಟಂತೆ.

ಇನ್ನು ಅಧಿಕಾರಯೋಗವನ್ನು ಅವರು ಎಲ್ಲಿ ಹುಡುಕುತ್ತಾರೆ ಎಂಬುದನ್ನು ನೀನು ತಿಳಿದುಕೊಳ್ಳಲೇಬೇಕು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಲ್ಲಿ ಪ್ರತಿಯೊಂದೂ ಇನ್ನೊಂದನ್ನು ಪೋಷಿಸುತ್ತದೆ, ಮತ್ತೊಂದನ್ನು ಅಂಕೆಯಲ್ಲಿಡುತ್ತದೆ. ವ್ಯಕ್ತಿಯನ್ನು ಪ್ರತಿನಿಧಿಸುವ ಆ ದಿನದ ಅಕ್ಷರ ಮರದ್ದಾಗಿದ್ದರೆ ಅವನ ಅಧಿಕಾರವನ್ನು ಸೂಚಿಸುವುದು ಮರವನ್ನು ಕಡಿಯುವ ಲೋಹ. ಬೆಂಕಿಯದ್ದಾಗಿದ್ದರೆ ಅದನ್ನು ಆರಿಸುವ ನೀರು. ಅಂದರೆ ಪದವಿಯ ಗುರುತು ಅವನ ಅಬ್ಬರದಲ್ಲಿಲ್ಲ, ಅವನನ್ನು ಹದ್ದುಬಸ್ತಿನಲ್ಲಿಡುವ ಶಕ್ತಿಯಲ್ಲಿದೆ. ಆ ಅಂಕೆಯನ್ನು ತಾಳಿಕೊಳ್ಳುವ ಕಸುವು ಅವನಿಗಿದೆಯೇ ಎಂದು ಆಮೇಲೆ ನೋಡುತ್ತಾರೆ. ಅದರ ಮೇಲೆ ಹತ್ತು ವರ್ಷಕ್ಕೊಮ್ಮೆ ಬದಲಾಗುವ ದಶೆಗಳು ಬೇರೆ. ಈ ಶಾಸ್ತ್ರ ಭವಿಷ್ಯ ಹೇಳಬಲ್ಲದೆಂದು ನಾನು ನಂಬುವುದಿಲ್ಲ. ಆದರೂ ಇದನ್ನು ಕಟ್ಟಿದವರು ಅಧಿಕಾರವೆಂದರೇನು ಎಂದು ಆಳವಾಗಿ ಯೋಚಿಸಿದ್ದರೆಂದು ಮನಸಾರೆ ಒಪ್ಪುತ್ತೇನೆ.

ನಾಯಕರು ಹುಟ್ಟುತ್ತಾರೆಯೇ ಎಂಬ ಪ್ರಶ್ನೆಯನ್ನು ಚೀನಾದಲ್ಲಿ ಅತ್ಯಂತ ನೇರವಾಗಿ ಎತ್ತಿದವನು ಒಬ್ಬ ಕೂಲಿಯಾಳು. ಕ್ರಿ.ಪೂ. 209ರಲ್ಲಿ, ಚಿನ್ ಸಾಮ್ರಾಜ್ಯದ ಗಡಿ ಕಾಯಲು ಹೊರಟ 900 ಮಂದಿ ಮಳೆಯಿಂದಾಗಿ ದಾರಿಯಲ್ಲೇ ಸಿಕ್ಕಿಬಿದ್ದರು; ತಡವಾದರೆ ಮರಣದಂಡನೆಯೆಂಬ ಭಯ. ಅವರಲ್ಲೊಬ್ಬನಾದ ಚೆನ್ ಶೆಂಗ್, ದೊರೆಗಳೂ ಸೇನಾಪತಿಗಳೂ ಮಂತ್ರಿಗಳೂ ಬೇರೆ ಬೀಜದಿಂದ ಹುಟ್ಟುತ್ತಾರೆಯೇ ಎಂದು ಕೇಳಿ ದಂಗೆ ಎಬ್ಬಿಸಿದ. ಅದಕ್ಕೆ ಮೊದಲು ನಡೆದದ್ದನ್ನು ಇತಿಹಾಸಕಾರ ಸಿಮಾ ಚ್ಯೆನ್ ಬಿಡದೆ ಬರೆದಿಟ್ಟಿದ್ದಾನೆ. ಚೆನ್ ಶೆಂಗ್ ದೊರೆಯಾಗುವನೆಂದು ರೇಷ್ಮೆಯ ತುಂಡಿನ ಮೇಲೆ ಕೆಂಪಕ್ಷರದಲ್ಲಿ ಬರೆದು, ಬಲೆಗೆ ಬಿದ್ದ ಮೀನಿನ ಹೊಟ್ಟೆಯೊಳಗೆ ತುರುಕಲಾಯಿತು. ಮೀನು ಕೊಂಡು ಬೇಯಿಸಲು ಹೊರಟ ಸೈನಿಕರಿಗೆ ಆ ಬರಹ ಸಿಕ್ಕಿತು. ರಾತ್ರಿ ಜೊತೆಗಾರ ವೂ ಗ್ವಾಂಗ್ ಹತ್ತಿರದ ಪೊದೆಯ ನಡುವಿನ ಗುಡಿಯಲ್ಲಿ ಬೆಂಕಿ ಹೊತ್ತಿಸಿ, ನರಿಯ ದನಿಯಲ್ಲಿ ಅದೇ ಮಾತನ್ನು ಕೂಗಿದ. ಬೆಳಗಾದಾಗ ಎಲ್ಲರೂ ಚೆನ್ ಶೆಂಗ್‌ನನ್ನು ಕಣ್ಣಿನಲ್ಲೇ ತೋರಿಸಿಕೊಂಡು ಪಿಸುಗುಟ್ಟುತ್ತಿದ್ದರು. ಶಕುನ ಅವನನ್ನು ನಾಯಕನನ್ನಾಗಿ ಮಾಡಲಿಲ್ಲ. ಮುಂದೆ ನಿಲ್ಲಲು ನಿರ್ಧರಿಸಿದವನು ಶಕುನವನ್ನು ಮಾಡಿಕೊಂಡ.

ಅವನ ಅಂತ್ಯ ಇದಕ್ಕಿಂತ ಮುಖ್ಯ. ದೊರೆಯಾದ ಮೇಲೆ, ಹಿಂದೆ ಜೊತೆಗೆ ಹೊಲದಲ್ಲಿ ದುಡಿದಿದ್ದ ಗೆಳೆಯನೊಬ್ಬ ನೋಡಲು ಬಂದು, ಅರಮನೆಯಲ್ಲಿ ಸಲಿಗೆಯಿಂದ ಹಳೆಯ ದಿನಗಳ ಮಾತಾಡಿದ. ಅದರಿಂದ ದೊರೆಯ ಘನತೆ ಕುಂದುತ್ತದೆಂದು ಯಾರೋ ಕಿವಿಯೂದಿದರು. ಚೆನ್ ಶೆಂಗ್ ಅವನ ತಲೆ ತೆಗೆಸಿದ. ಹಳೆಯ ಜೊತೆಗಾರರು ಒಬ್ಬೊಬ್ಬರಾಗಿ ದೂರ ಸರಿದರು. ಅಧಿಕಾರಿಗಳ ತಪ್ಪು ಹುಡುಕಲು ನೇಮಿಸಿದವರ ಕಾಟಕ್ಕೆ ಸೇನಾಪತಿಗಳ ಮನಸ್ಸೂ ಮುರಿಯಿತು. ಸುಮಾರು ಆರು ತಿಂಗಳಲ್ಲಿ ತನ್ನ ಸಾರಥಿಯ ಕೈಯಲ್ಲೇ ಅವನು ಸತ್ತ. ಅವನು ಸೋತದ್ದು ಇದರಿಂದಲೇ ಎಂದು ಸಿಮಾ ಚ್ಯೆನ್ ಹೇಳುತ್ತಾನೆ. ಜಾತಕದ ಪ್ರಸ್ತಾಪವನ್ನೇ ಎತ್ತುವುದಿಲ್ಲ.

ಏಳನೆಯ ಶತಮಾನದಲ್ಲಿ ತಾಂಗ್ ಚಕ್ರವರ್ತಿಯ ಆಜ್ಞೆಯಂತೆ ಶಕುನಗ್ರಂಥಗಳನ್ನು ಪರಿಷ್ಕರಿಸಿದ ಲ್ಯೂ ತ್ಸಾಯ್, ಚಾಂಗ್‌ಪಿಂಗ್‌ನಲ್ಲಿ ಯುದ್ಧದಲ್ಲಿ ಸೋತು ಒಟ್ಟಿಗೆ ಹೂಳಲ್ಪಟ್ಟ ಸೈನಿಕರೆಲ್ಲರ ಜಾತಕದಲ್ಲೂ ಒಂದೇ ದೋಷವಿತ್ತೆಂದು ಯಾರೂ ಕೇಳಿಲ್ಲವಲ್ಲ ಎಂದು ಬರೆದ. ಈ ಸಂದೇಹ ಹೊರಗಿನವರು ತಂದದ್ದಲ್ಲ ಎಂಬುದನ್ನು ನೆನಪಿಡು.

ಡ್ರ್ಯಾಗನ್ ವರ್ಷದವರು ನಿಜಕ್ಕೂ ಮುಂದೆ ಬರುತ್ತಾರೆಂದು ನೀನು ವಾದಿಸಬಹುದು. ಚೀನಾದ ಮಕ್ಕಳ ಕುರಿತು 2017ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ಆ ವರ್ಷದ ಮಕ್ಕಳು ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದದ್ದು ಕಂಡುಬಂದಿತ್ತು. ಕಾರಣ ಹುಡುಕಿದಾಗ ಮಕ್ಕಳಲ್ಲಾಗಲಿ ಮನೆತನಗಳಲ್ಲಾಗಲಿ ಮೂಲತಃ ವ್ಯತ್ಯಾಸವಿರಲಿಲ್ಲ. ತಂದೆತಾಯಿಯರು ಹೆಚ್ಚು ನಿರೀಕ್ಷೆ ಇಟ್ಟು, ಹೆಚ್ಚು ಸಮಯವನ್ನೂ ಹಣವನ್ನೂ ಅವರ ಮೇಲೆ ವಿನಿಯೋಗಿಸಿದ್ದರು. ನಂಬಿಕೆ ಹೀಗೆ ಒಬ್ಬರನ್ನು ಬೆಳೆಸಬಲ್ಲದಾದರೆ ಇನ್ನೊಬ್ಬರನ್ನು ಕುಗ್ಗಿಸಲೂ ಬಲ್ಲದು. ಮೊಲವೆಂಬ ಒಂದು ಮಾತಿಗೆ ನೀನು ಕುಗ್ಗಿದ್ದನ್ನು ಕಂಡು ನನಗಾದ ಸಂಕಟ ಅದಕ್ಕೇ.

ಹುಟ್ಟಿನಿಂದ ಏನೂ ಬರುವುದಿಲ್ಲ ಎಂದು ನಾನು ಹೇಳಲಾರೆ. ಅಮೆರಿಕದ ಮಿನೆಸೋಟಾದ ಅವಳಿಗಳನ್ನು ಕುರಿತ 2006ರ ಅಧ್ಯಯನವೊಂದು, ಮುಖ್ಯಸ್ಥರ ಹುದ್ದೆ ತಲುಪುವುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 30 ಭಾಗವನ್ನು ಅನುವಂಶೀಯತೆಗೆ ಸೇರಿಸಿತು. ಅದು ರಕ್ತದಿಂದ ಬರುವ ಸ್ವಭಾವ, ವರ್ಷದಿಂದ ಬರುವುದಲ್ಲ. ಉಳಿದ ದೊಡ್ಡ ಪಾಲು ಬದುಕಿನಲ್ಲಿ ಆಗುವಂಥದ್ದು.

ನಿನ್ನ ಸ್ವಭಾವ ಮೃದುವೆಂಬುದು ನಿಜ. ಆದರೆ ಹೊಸದಾಗಿ ಸೇರಿದ ಹುಡುಗರು ಕೆಲಸದಲ್ಲಿ ತಪ್ಪು ಮಾಡಿದಾಗ ಮೇಲಧಿಕಾರಿಗಿಂತ ಮೊದಲು ನಿನಗೆ ಬಂದು ಹೇಳುತ್ತಾರೆಂದು ನೀನೇ ಬರೆದಿರುವೆ. ವೂ ಗ್ವಾಂಗ್ ಜನರನ್ನು ಪ್ರೀತಿಸುವವನಾದ್ದರಿಂದ ಸೈನಿಕರು ಅವನಿಗಾಗಿ ದುಡಿಯಲು ಸಿದ್ಧರಿದ್ದರೆಂದು ಸಿಮಾ ಚ್ಯೆನ್ ಹೇಳುವುದೂ ಇಂಥದ್ದನ್ನೇ. ನಿನ್ನಲ್ಲಿರುವ ಕೊರತೆ ಬೇರೆ: ಅಪ್ರಿಯವಾದ ಮಾತನ್ನು ನಾಳೆಗೆ ಮುಂದೂಡುತ್ತೀಯೆ. ಮುಖ್ಯಸ್ಥೆಯಾದವಳು ಅದನ್ನು ಅಂದೇ, ಆ ವ್ಯಕ್ತಿಯೊಬ್ಬನಿಗೇ, ಬಾಗಿಲು ಮುಚ್ಚಿ ಹೇಳಬೇಕು. ಇದು ಅಭ್ಯಾಸದಿಂದ ಬರುತ್ತದೆ.

ಆದ್ದರಿಂದ ಸೋಮವಾರವೇ ಒಪ್ಪಿಗೆಯನ್ನು ಬರೆದು ಕೊಡು. ತಂಡಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ವಿಷಯದಲ್ಲಿ ನಿನ್ನ ಮಾತಿಗೆ ಬೆಲೆ ಇರಬೇಕೆಂದೂ, ನಿನ್ನ ತಪ್ಪನ್ನು ಮುಚ್ಚಿಡದೆ ಹೇಳುವ ಹಿರಿಯರೊಬ್ಬರು ಮೊದಲ ಕೆಲವು ತಿಂಗಳಾದರೂ ಜೊತೆಗಿರಬೇಕೆಂದೂ ಅದರಲ್ಲೇ ಕೇಳಿಕೊ. ಅವರು ಏನೆಂದರೆಂದು ನನಗೆ ತಿಳಿಸು.

ಇಂತು,
ನಿನ್ನ ದೊಡ್ಡಪ್ಪ