ಪುಟ್ಟಿ ಡೇವಿಸ್ ಕಾಲೇಜನ್ನು ಆರಿಸಿಕೊಂಡಿದ್ದು ಯಾಕೆ

ಕ್ಯಾಲಿಫೋರ್ನಿಯಾ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ಕಾಲೇಜು ಡೇವಿಸ್ ಅಂತ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟಿರಿ. ಆಮೇಲೆ "ಸ್ಯಾನ್ ಡಿಯಾಗೋ ಇನ್ನೂ ದೊಡ್ಡ ಹೆಸರಿನದ್ದು ಅಲ್ವಾ?" ಎಂದು ಕೇಳಿದಿರಿ. ಫೋನಿನಲ್ಲಿ ಅದನ್ನೆಲ್ಲ ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎರಡೂ ಒಂದೇ ಸರ್ಕಾರಿ ಯೂನಿವರ್ಸಿಟಿಯ ಕ್ಯಾಂಪಸ್‌ಗಳು ಅಪ್ಪ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಒಟ್ಟು 10 ಕ್ಯಾಂಪಸ್ ಇವೆ, ಅದರಲ್ಲಿ 9 ಕಡೆ ಡಿಗ್ರಿ ಓದಬಹುದು. ಎಲ್ಲಕ್ಕೂ ಒಂದೇ ಅರ್ಜಿ. ಈ ರಾಜ್ಯದ ಮಕ್ಕಳಿಗೆ ಟ್ಯೂಷನ್ ಫೀಸೂ ಎಲ್ಲ ಕಡೆ ಒಂದೇ. ಸಿಇಟಿ ತರಹ ಒಂದು ರ್ಯಾಂಕ್ ಹಿಡಿದು ಸೀಟು ಹಂಚುವುದಿಲ್ಲ. ಎಸ್‌ಎಟಿ ಪರೀಕ್ಷೆಯ ಅಂಕವನ್ನೂ ಈಗ ನೋಡುವುದಿಲ್ಲ. ಹೈಸ್ಕೂಲಿನ ಗ್ರೇಡು, ಅವಳು ತೆಗೆದುಕೊಂಡ ವಿಷಯಗಳು, ಅವಳೇ ಬರೆದ ನಾಲ್ಕು ಚಿಕ್ಕ ಪ್ರಬಂಧ, ಇಷ್ಟನ್ನು ಮುಖ್ಯವಾಗಿ ನೋಡುತ್ತಾರೆ. ಸೀಟು ಕೊಟ್ಟ ಮೇಲೆ ಆರಿಸುವ ಸರದಿ ನಮ್ಮದು. ಮೇ 1ರೊಳಗೆ ಒಂದು ಕಡೆ "ಬರುತ್ತೇನೆ" ಅನ್ನಬೇಕು.

ಈಗ ಓದಿನ ವಿಷಯ. ನಿಮ್ಮ ಮೊಮ್ಮಗಳಿಗೆ ಹುಳ ಹುಪ್ಪಟೆ ಅಂದರೆ ಎಷ್ಟು ಇಷ್ಟ ಅಂತ ನಿಮಗೇ ಗೊತ್ತು. ನಿಂಬೆ ಗಿಡದ ಎಲೆ ತಿನ್ನುತ್ತಿದ್ದ ಹುಳವನ್ನು ನಾನು ಕಿತ್ತು ಎಸೆಯಲು ಹೋದರೆ, ಅವಳು ಅದನ್ನು ಡಬ್ಬಿಯಲ್ಲಿಟ್ಟು, ದಿನಾ ಎಲೆ ಹಾಕಿ, ಚಿಟ್ಟೆಯಾಗಿ ಹಾರುವ ತನಕ ಕಾದಳು. ಅದು ಮಕ್ಕಳಾಟ, ಹೋಗುತ್ತೆ ಅಂದುಕೊಂಡಿದ್ದೆವು. ಹೋಗಲಿಲ್ಲ. ಸಮುದ್ರದ ಜೀವಿಗಳ ಮೇಲೂ ಅಷ್ಟೇ ಆಸೆ ಇತ್ತು. ಹಾಗಾಗಿ ಕೊನೆಗೆ ಉಳಿದಿದ್ದು ಈ ಎರಡು ಕ್ಯಾಂಪಸ್. ಕಡಲಿಗೆ ಸ್ಯಾನ್ ಡಿಯಾಗೋ, ಕೀಟಕ್ಕೆ ಡೇವಿಸ್.

ಸ್ಯಾನ್ ಡಿಯಾಗೋ ಬಗ್ಗೆ ನೀವು ಕೇಳಿದ್ದೆಲ್ಲ ನಿಜ. ಅಲ್ಲಿನ ಸ್ಕ್ರಿಪ್ಸ್ ಸಾಗರ ಸಂಸ್ಥೆ 1903ರಲ್ಲೇ ಶುರುವಾಗಿದ್ದು, ಕ್ಯಾಂಪಸ್‌ಗಿಂತ ಹಳೆಯದು. ಅವರ ಕಟ್ಟೆಯೊಂದು ಸಮುದ್ರದೊಳಗೆ ಉದ್ದಕ್ಕೆ ಚಾಚಿಕೊಂಡಿದೆ. ಅಲ್ಲಿ 1916ರಿಂದ ದಿನಾ ನೀರಿನ ಉಷ್ಣತೆ ಅಳೆದು ಬರೆದಿಡುತ್ತಾ ಬಂದಿದ್ದಾರೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷ ಏರುತ್ತಿದೆ ಎಂದು 1958ರಿಂದ ಅಳೆದು ತೋರಿಸಿದ ಚಾರ್ಲ್ಸ್ ಕೀಲಿಂಗ್ ಇದ್ದಿದ್ದೂ ಅಲ್ಲೇ. ಕಡಲ ಜೀವಶಾಸ್ತ್ರವೇ ಬೇಕು ಅನ್ನುವ ಹುಡುಗಿಯಾಗಿದ್ದರೆ ನಾನೇ ಕೈ ಹಿಡಿದು ಅಲ್ಲಿಗೆ ಕಳಿಸುತ್ತಿದ್ದೆ.

ಆದರೆ ಅಲ್ಲಿ ಇನ್ನೊಂದು ವಿಷಯ ಇದೆ. ಆ ಕ್ಯಾಂಪಸ್ ಒಳಗೆ ಎಂಟು ಕಾಲೇಜುಗಳಿವೆ. ಏನೇ ಓದಿದರೂ ಈ ಎಂಟರಲ್ಲಿ ಒಂದಕ್ಕೆ ಸೇರಿರಬೇಕು. ಹಾಸ್ಟೆಲ್ಲು ಆ ಕಾಲೇಜಿನದು. ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳ ಪಟ್ಟಿಯೂ ಕಾಲೇಜಿನಿಂದ ಕಾಲೇಜಿಗೆ ಬೇರೆ. ಒಂದರಲ್ಲಿ ಗಣಿತ, ವಿಜ್ಞಾನ, ಭಾಷೆ, ಹ್ಯುಮ್ಯಾನಿಟೀಸ್ ಎಲ್ಲ ತುಂಬಾ ಇರುತ್ತೆ, ಇನ್ನೊಂದರಲ್ಲಿ ಆಯ್ಕೆಗೆ ಜಾಗ ಜಾಸ್ತಿ. ಕೆಲವು ಮಕ್ಕಳಿಗೆ ಇದು ತುಂಬಾ ಒಳ್ಳೆಯದು. ದೊಡ್ಡ ಕ್ಯಾಂಪಸ್ಸಿನಲ್ಲಿ ತಮ್ಮದೇ ಒಂದು ಸಣ್ಣ ಗುಂಪು ಸಿಗುತ್ತೆ. ಪುಟ್ಟಿಗೆ ಮಾತ್ರ ಹಿಡಿಸಲಿಲ್ಲ. ಅವಳಿಗೆ ತಾನು ಓದುವ ವಿಷಯದವರ ಜೊತೆಯೇ ಬೆಳಗಿನಿಂದ ರಾತ್ರಿವರೆಗೆ ಇರಬೇಕು.

ಅಣ್ಣ ಮೊನ್ನೆ ಇನ್ನೊಂದು ಮಾತು ಹೇಳಿದ. ಯಾವುದಕ್ಕಾದರೂ ಸೇರಲಿ, ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಳ್ಳಲಿ ಅಂತ. ಇಲ್ಲಿ ಅದು ಅಷ್ಟು ಸುಲಭ ಅಲ್ಲ ಅಂತ ಅವನಿಗೆ ದಯವಿಟ್ಟು ಹೇಳಿ. ತುಂಬಾ ಜನ ಬಯಸುವ ಅಂಥ ವಿಷಯಗಳಿಗೆ ಮೊದಲೇ ಸೀಟು ಸಿಗದಿದ್ದರೆ ಆಮೇಲೆ ಒಳಗೆ ಹೋಗುವುದು ಬಹಳ ಕಷ್ಟ. ಗ್ರೇಡು ಚೆನ್ನಾಗಿದ್ದರೂ ಸೀಟಿನ ಖಾತ್ರಿ ಇರುವುದಿಲ್ಲ. ಕಾಲೇಜಿನ ಹೆಸರು ನೋಡಿ ಸೇರಿ, ಬೇಕಾದ ವಿಷಯ ಸಿಗದೆ ಒದ್ದಾಡುವ ಮಕ್ಕಳನ್ನು ನಾನು ಇಲ್ಲಿ ನೋಡಿದ್ದೇನೆ. ನನಗೆ ಅದೇ ಭಯ ಇತ್ತು. ಹಾಗಂತ ಮಕ್ಕಳು ಮನಸ್ಸು ಬದಲಾಯಿಸಲೇಬಾರದು ಅಂತಲ್ಲ. ಈ ದೇಶದಲ್ಲಿ ಡಿಗ್ರಿಗೆ ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮೂರು ವರ್ಷದೊಳಗೆ ವಿಷಯ ಬದಲಾಯಿಸುತ್ತಾರೆ. ಪುಟ್ಟಿಗಿನ್ನೂ ಹದಿನೇಳು. ಹಾಗಾಗಿ ನಾನು ಹುಡುಕಿದ್ದು ಒಂದೇ: ಕೀಟಶಾಸ್ತ್ರ ಬೇಡ ಅನ್ನಿಸಿದರೆ ಅವಳು ಎಲ್ಲಿಗೆ ಹೋಗಬಹುದು? ಡೇವಿಸ್‌ನಲ್ಲಿ ಅದರ ಅಕ್ಕಪಕ್ಕದಲ್ಲೇ ಪ್ರಾಣಿ ಜೀವಶಾಸ್ತ್ರ, ಸಸ್ಯ ವಿಜ್ಞಾನ, ವನ್ಯಜೀವಿ, ಪರಿಸರ, ಆಹಾರ ವಿಜ್ಞಾನ ಎಲ್ಲ ಇವೆ. ಸ್ಯಾನ್ ಡಿಯಾಗೋದಲ್ಲಿ ಕೀಟಶಾಸ್ತ್ರದ ಡಿಗ್ರಿಯೇ ಇಲ್ಲ.

ಡೇವಿಸ್ 1908ರಲ್ಲಿ ಇದೇ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಿನವರ ಹೊಲವಾಗಿ ಶುರುವಾಯಿತು. ಹುಡುಗರು ಬಂದು ಬೇಸಾಯ, ಹೈನುಗಾರಿಕೆ ಕಲಿಯುತ್ತಿದ್ದರು. 1959ರಲ್ಲಿ ಪೂರ್ತಿ ಕ್ಯಾಂಪಸ್ ಆಯಿತು. ಈಗಲೂ ಒಂದು ಹಾಸ್ಟೆಲ್ಲಿನ ಹತ್ತಿರವೇ ಹಸುವಿನ ಕೊಟ್ಟಿಗೆ ಇದೆ, ಗಾಳಿ ಬೀಸಿದರೆ ವಾಸನೆ ಬರುತ್ತೆ. ಭತ್ತದ ತಳಿಗಳಿಗೆ ವಿಶ್ವ ಆಹಾರ ಪ್ರಶಸ್ತಿ ಪಡೆದ ನಮ್ಮ ಗುರುದೇವ್ ಖುಷ್ ಅವರು 1960ರಲ್ಲಿ ಪಿಎಚ್‌ಡಿ ಮಾಡಿದ್ದು ಇಲ್ಲೇ. ಅಪ್ಪ, ಇದು ಹೆಸರಿಲ್ಲದ ಜಾಗ ಅಲ್ಲ. ಇದರ ಹೆಸರು ಬೇರೆ ಜನರ ಬಾಯಲ್ಲಿದೆ, ಅಷ್ಟೇ.

ಅಲ್ಲಿನ ಬೋಹಾರ್ಟ್ ಕೀಟ ಸಂಗ್ರಹಾಲಯಕ್ಕೆ ಹೋಗಿದ್ದನ್ನು ಹೇಳಲೇಬೇಕು. 70 ಲಕ್ಷಕ್ಕೂ ಹೆಚ್ಚು ಕೀಟಗಳನ್ನು ಸೂಜಿಗೆ ಚುಚ್ಚಿ, ಚೀಟಿ ಬರೆದು, ತೆಳ್ಳನೆಯ ಡ್ರಾಯರುಗಳಲ್ಲಿ ಜೋಡಿಸಿಟ್ಟಿದ್ದಾರೆ. ಒಂದು ಮೂಲೆಯಲ್ಲಿ ಜೀವಂತ ಕೀಟಗಳು, ಮುಟ್ಟಬಹುದು. ಅಲ್ಲಿದ್ದ ಹುಡುಗಿ ಕಡ್ಡಿ ಕೀಟವೊಂದನ್ನು ತೆಗೆದು ಪುಟ್ಟಿಯ ಅಂಗೈ ಮೇಲೆ ಬಿಟ್ಟಳು. ಅದು ಒಂದೊಂದೇ ಕಾಲು ಎತ್ತಿ, ಅಲ್ಲಾಡುತ್ತಾ, ಮಣಿಕಟ್ಟು ದಾಟಿ ತೋಳಿನ ಮೇಲೆ ಹತ್ತಿತು. ಇವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಆಮೇಲೆ ಇಬ್ಬರೂ ಅದರ ಮೊಟ್ಟೆ, ಪೊರೆ ಬಿಡುವುದು ಅಂತ ಮಾತಿಗೆ ಕೂತರು. ನಾವು ಪಕ್ಕದಲ್ಲಿದ್ದೇವೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಆ ಹುಡುಗಿಯೂ ಅಲ್ಲಿ ಡಿಗ್ರಿ ಓದುವವಳೇ, ಬಿಡುವಿನಲ್ಲಿ ಅಲ್ಲಿ ಕೆಲಸ ಮಾಡುತ್ತಾಳಂತೆ. ನನ್ನ ಮನಸ್ಸು ಆಗಲೇ ಅರ್ಧ ತೀರ್ಮಾನ ಮಾಡಿತ್ತು.

ಏಪ್ರಿಲ್‌ನಲ್ಲಿ ಅಲ್ಲಿ ಪಿಕ್ನಿಕ್ ಡೇ ಅಂತ ದೊಡ್ಡ ಜಾತ್ರೆಯೇ ನಡೆಯುತ್ತೆ, 1909ರಿಂದ ಇದೆ. ವಿದ್ಯಾರ್ಥಿಗಳೇ ನಡೆಸುತ್ತಾರೆ. ಕೀಟದವರು ಜಿರಲೆ ಓಟ ಇಡುತ್ತಾರೆ, ನೊಣದ ಮರಿಹುಳಗಳನ್ನು ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಬಿಟ್ಟು ಚಿತ್ರ ಮಾಡಿಸುತ್ತಾರೆ. ಆದರೆ ಹಬ್ಬದ ದಿನ ಯಾವ ಕ್ಯಾಂಪಸ್ಸಾದರೂ ಚೆಂದವೇ ಕಾಣುತ್ತೆ. ಅದಕ್ಕೇ ಸುಮ್ನೆ ಒಂದು ವಾರದ ದಿನವೂ ಹೋಗಿ ನೋಡಿದೆವು. ಕ್ಲಾಸು ಬಿಡುತ್ತಿದ್ದಂತೆ ಸೈಕಲ್ಲೋ ಸೈಕಲ್ಲು. ರಸ್ತೆ ಸಮತಟ್ಟು, ಸೈಕಲ್ಲಿಗೇ ವೃತ್ತಗಳಿವೆ. ಊರಿನ ಬಸ್ಸು ಓಡಿಸುವವರೂ ವಿದ್ಯಾರ್ಥಿಗಳೇ. 1968ರಲ್ಲಿ ಲಂಡನ್ನಿನ ಎರಡು ಹಳೇ ಡಬಲ್ ಡೆಕ್ಕರ್ ತಂದು ಶುರು ಮಾಡಿದ್ದಂತೆ, ಈಗಲೂ ಅಂಥವು ಓಡುತ್ತವೆ. ಕಾಫಿ ಹೌಸಿನಲ್ಲಿ ಬಿಲ್ ಹಾಕುವವರು, ಅಡುಗೆ ಮಾಡುವವರು ಎಲ್ಲ ಮಕ್ಕಳು. ಅವಳ ವಯಸ್ಸಿನವರು ಒಂದು ಊರನ್ನೇ ನಡೆಸುವುದನ್ನು ನೋಡಿ ನನಗೆ ನಿಜಕ್ಕೂ ಧೈರ್ಯ ಬಂತು.

ಕಷ್ಟಗಳೂ ಇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಚಳಿಗಾಲದಲ್ಲಿ ಮಂಜು ಕವಿದರೆ ದಾರಿ ಕಾಣುವುದಿಲ್ಲ. ಕಡಲಿಲ್ಲ. ಊರು ಚಿಕ್ಕದು. ಪಾಠ ಹತ್ತೇ ವಾರದ ಕ್ವಾರ್ಟರಿನಲ್ಲಿ ಮುಗಿಯುತ್ತೆ. ಮೂರು ನಾಲ್ಕನೇ ವಾರಕ್ಕೇ ಪರೀಕ್ಷೆ ಬಂದುಬಿಡುತ್ತೆ, ಆದರೆ ಅದು ಸ್ಯಾನ್ ಡಿಯಾಗೋದಲ್ಲೂ ಹಾಗೇ. ಅಮ್ಮ, ಊಟದ ಚಿಂತೆ ಬೇಡ. ಮೊದಲ ವರ್ಷ ಹಾಸ್ಟೆಲ್ಲಿನಲ್ಲೇ ಇರುತ್ತಾಳೆ, ಊಟದ ಹಾಲ್ ಪಕ್ಕದಲ್ಲೇ ಇದೆ.

ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಮನೆಯಲ್ಲೇ ಇರುತ್ತಾಳೆ. ಭಾನುವಾರ ಅವಳೇ ನಿಮಗೆ ಫೋನ್ ಮಾಡುತ್ತಾಳೆ. ಅಪ್ಪ, ನೀವು ಸುಮ್ಮನಾಗಿದ್ದು ಅವಳ ಕಿವಿಗೂ ಬಿದ್ದಿದೆ, ಸ್ಪೀಕರ್ ಹಾಕಿದ್ದೆ. ರ್ಯಾಂಕಿಂಗ್ ಮಾತು ನನ್ನ ಹತ್ತಿರ ಎಷ್ಟು ಬೇಕಾದರೂ ಆಡಿ. ಅವಳ ಹತ್ತಿರ ಆ ಕಡ್ಡಿ ಕೀಟ ಏನು ತಿನ್ನುತ್ತೆ ಅಂತ ಕೇಳಿ. ಒಂದು ಗಂಟೆ ಬಿಡುವು ಮಾಡಿಕೊಂಡೇ ಕೇಳಿ.

ಇಬ್ಬರೂ ಆರೋಗ್ಯ ನೋಡಿಕೊಳ್ಳಿ. ಅಣ್ಣ, ಅತ್ತಿಗೆ, ಮಕ್ಕಳಿಗೆ ನಮ್ಮ ಪ್ರೀತಿ ತಿಳಿಸಿ.

ನಿಮ್ಮ ಮಗಳು