ಶಾಸ್ತ್ರೀಜಿ ಫಾರ್ವರ್ಡ್ ಕಳಿಸುವ ಮಂಜನಿಗೆ

ಲೋ ಮಂಜ,

ಎಲ್ಲಾದರೂ ರೈಲು ಹಳಿ ತಪ್ಪಿದರೆ ಸಾಕು, ನಿನ್ನಿಂದ ಶಾಸ್ತ್ರೀಜಿ ಫಾರ್ವರ್ಡ್ ಬರುತ್ತದೆ: ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ರೈಲು ದುರಂತಕ್ಕೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟ ಕಥೆ. ‘ಅಂಥ ನಾಯಕರು ಈಗೆಲ್ಲಿ?’ ಅಂತ ಕೊನೆಗೊಂದು ಕೈಮುಗಿದ ಎಮೋಜಿ. ನಾನೂ ವಾಪಸ್ ಕೈಮುಗಿದು ಸುಮ್ಮನಾಗುತ್ತೇನೆ. (ಓದುತ್ತಿರುವ ಉಳಿದವರಿಗೆ: ಇವನಿಗೆ ಒಬ್ಬನಿಗೇ ಬರೆದರೆ ಉತ್ತರ ಬರುವುದಿಲ್ಲ. ನಾಲ್ಕು ಜನರ ಎದುರು ಕೇಳಿದರೆ ಮರ್ಯಾದೆಗೆ ಅಂಜಿ ಬರೆಯುತ್ತಾನೆ.)

ಆ ಫಾರ್ವರ್ಡ್‌ನಲ್ಲಿ ಅರ್ಧ ಕಥೆ ಇರುವುದೇ ಇಲ್ಲ. 1956ರ ನವೆಂಬರ್‌ನಲ್ಲಿ, ಈಗಿನ ತಮಿಳುನಾಡಿನ ಅರಿಯಲೂರಿನ ಹತ್ತಿರ, ಮಳೆಗೆ ಸೇತುವೆ ಕುಸಿದು ರೈಲು ಹೊಳೆಗೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಕೆಲವೇ ತಿಂಗಳ ಹಿಂದೆ ಮೆಹಬೂಬ್‌ನಗರದ ಬಳಿಯೂ ಸೇತುವೆ ಹೋಗಿ ಅಷ್ಟೇ ದೊಡ್ಡ ಅನಾಹುತ ಆಗಿತ್ತು. ಆಗಲೇ ಶಾಸ್ತ್ರಿಯವರು ರಾಜೀನಾಮೆಗೆ ಮುಂದಾಗಿದ್ದರು, ನೆಹರೂ ಒಪ್ಪಿರಲಿಲ್ಲ. ಎರಡನೇ ಸಲ ಒಪ್ಪಿದರು. ಆಗಲೂ, ತಪ್ಪು ಶಾಸ್ತ್ರಿಯವರದ್ದಲ್ಲ, ಒಂದು ಒಳ್ಳೆಯ ಪದ್ಧತಿ ಬೆಳೆಯಲಿ ಎನ್ನುವ ಅರ್ಥದಲ್ಲೇ ಸಂಸತ್ತಿನಲ್ಲಿ ಮಾತಾಡಿದರು. ಮರುವರ್ಷ ಚುನಾವಣೆ ಮುಗಿದ ಮೇಲೆ ಶಾಸ್ತ್ರಿ ಮತ್ತೆ ಮಂತ್ರಿ. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಆ ಸೇತುವೆಗಳನ್ನು ನೋಡಿಕೊಳ್ಳಬೇಕಿದ್ದವರು ಯಾರು, ಅವರೇನಾದರು? ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಮ್ಮ ರಾಮಕೃಷ್ಣ ಹೆಗಡೆಯವರನ್ನೇ ನೋಡು. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ಇಲ್ಲಿ ಬಂದಿದ್ದು 28ರಲ್ಲಿ 4 ಸೀಟು. ತಕ್ಷಣ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ. 1985ರಲ್ಲಿ ವಿಧಾನಸಭೆಯ 139 ಸೀಟು ಗೆದ್ದುಕೊಂಡು ಬಂದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯಕ್ಕೆ ಹೈಕೋರ್ಟ್ ತರಾಟೆಗೆ ತೆಗೆದುಕೊಂಡಾಗ ಮತ್ತೆ ರಾಜೀನಾಮೆ. ಕೆಲವೇ ದಿನದಲ್ಲಿ ವಾಪಸ್. 1988ರಲ್ಲಿ ಫೋನ್ ಕದ್ದಾಲಿಕೆ. ಆ ಸಲ ನಿಜವಾಗಿಯೂ ಹೋದರು. ನಿಮ್ಮಪ್ಪ ಮಾತ್ರ ಇವತ್ತಿಗೂ ಮೊದಲನೆಯದನ್ನೇ ಹೇಳುತ್ತಾರೆ, ಅಲ್ವಾ?

ಇದೆಲ್ಲ ತಲೆಯೊಳಗೆ ಶುರುವಾಗಿದ್ದು 2025ರ ಜೂನ್ 4ರ ನಂತರ. ಆರ್‌ಸಿಬಿ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಮಾರನೇ ದಿನವೇ ಪೊಲೀಸ್ ಕಮಿಷನರ್ ಸಸ್ಪೆಂಡ್. ಸರ್ಕಾರ ಆಯೋಜಕರ ಕಡೆ ಬೆರಳು ತೋರಿಸಿತು, ಯಾವ ಮಂತ್ರಿಯೂ ಕುರ್ಚಿ ಬಿಡಲಿಲ್ಲ. ನೀನು ಆವತ್ತೂ ಶಾಸ್ತ್ರೀಜಿಯನ್ನು ಕಳಿಸಿದೆ. ಮಂತ್ರಿಗಳು ರಾಜೀನಾಮೆ ಕೊಡಲಿ ಅಂತ ನಾನೂ ಕಂಡಕಂಡಲ್ಲಿ ಬರೆದೆ. ಕೊಟ್ಟಿದ್ದರೆ? ನನಗೆ ಸಮಾಧಾನ ಆಗುತ್ತಿತ್ತು. ಗೇಟ್ ಹತ್ತಿರ ಅಷ್ಟು ಜನ ಹೇಗೆ ಸೇರಿದರು, ಬೇಡ ಅನ್ನಬೇಕಿದ್ದವರು ಯಾಕೆ ಅನ್ನಲಿಲ್ಲ, ಇದ್ಯಾವುದನ್ನೂ ಆಮೇಲೆ ಕೇಳುತ್ತಲೇ ಇರಲಿಲ್ಲ. ಸಸ್ಪೆಂಡ್ ಆದವರ ಹೆಸರು ಈಗಲೂ ಥಟ್ಟನೆ ಹೇಳುತ್ತೇನೆ. ಸತ್ತವರಲ್ಲಿ ಒಬ್ಬರ ಹೆಸರೂ ಬಾಯಿಗೆ ಬರುವುದಿಲ್ಲ ಮಾರಾಯ. ಆವತ್ತು ನಾವಿಬ್ಬರೂ ಅಲ್ಲೇ ಇರಬೇಕಿತ್ತು. ನಿನ್ನ ಮೀಟಿಂಗ್ ಮುಗಿಯಲಿಲ್ಲ, ಅಷ್ಟೇ. ಇಲ್ಲದಿದ್ದರೆ ನಮ್ಮ ಹೆಸರನ್ನೂ ಯಾರೋ ಹೀಗೇ ಮರೆತು, ಯಾರ ಕುರ್ಚಿ ಹೋಯಿತು ಅಂತ ನೋಡುತ್ತಿದ್ದರು. ರಾತ್ರಿ ಎಷ್ಟೋ ಸಲ ಇದೇ ಯೋಚನೆ. ಮನೆಯಲ್ಲೂ ಹೇಳಿಲ್ಲ.

ಅಯ್ಯೋ, ಜಾಸ್ತಿ ಆಯ್ತು. ನೀನಾಗಲೇ ‘ಶುರು ಮಾಡಿದ ಪ್ರವಚನ’ ಅಂತಿರುತ್ತೀಯ. ಹೋಗಲಿ ಬಿಡು. ಸಕಲೇಶಪುರದ ಹುರುಳಿಕಾಳು ಪ್ರಕರಣದ (ಅದು ನಮ್ಮೊಳಗಿನ ಕಥೆ, ಉಳಿದವರು ಕೇಳಬೇಡಿ) ನೈತಿಕ ಹೊಣೆ ಹೊತ್ತು ಗ್ರೂಪ್ ಅಡ್ಮಿನ್ ಸ್ಥಾನಕ್ಕೆ ರಾಜೀನಾಮೆ ಕೊಡಲು ನಾನು ಸಿದ್ಧ. ಹೆಗಡೆಯವರ ಎರಡನೇ ರಾಜೀನಾಮೆಯ ಮಾದರಿಯಲ್ಲಿ.

ಇಂತಿ ನಿನ್ನ,
ಹಾಲಿ ಅಡ್ಮಿನ್